ಕೆರೆಯ ಎಲ್ಲೆ: ಜನಪದ ತಿಳಿವಳಿಕೆ ಮತ್ತು ಯೋಜನಾ ಪರಿಶೀಲನೆ

ಕೆರೆಯ ಸಮೀಪದಲ್ಲಿ ವಸತಿ ಸಮುಚ್ಚಯವನ್ನೋ ವಾಣಿಜ್ಯ ಸಂಕೀರ್ಣವನ್ನೋ ನಿರ್ಮಿಸುವ ಪ್ರಸ್ತಾವನೆ ಬಂದಾಗ, ಆ ಕೆರೆ ಎಲ್ಲಿಗೆ ಕೊನೆಗೊಳ್ಳುತ್ತದೆ ಎಂಬುದನ್ನು ಯೋಜನಾ ಪ್ರಾಧಿಕಾರವು ಮೊದಲು ನಿರ್ಧರಿಸಬೇಕಾಗುತ್ತದೆ. ಈ ಪ್ರಶ್ನೆಗೆ ಕಂದಾಯ ದಾಖಲೆಗಳು ನೀಡುವ ಉತ್ತರ ಒಂದಾದರೆ, ಕೆರೆಯೊಡನೆ ತಲೆಮಾರುಗಳಿಂದ ಬದುಕಿದ ಜನಪದರು ನೀಡುವ ಉತ್ತರ ಇನ್ನೊಂದು. ಬೆಂಗಳೂರಿನ ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವಣ ಭೂಮಿಯ ವಿವಾದವನ್ನು ಮುಂದಿಟ್ಟುಕೊಂಡು ಈ ಎರಡು ಉತ್ತರಗಳ ಅಂತರವನ್ನು ಇಲ್ಲಿ ಪರಿಶೀಲಿಸಲಾಗಿದೆ.

ಬಯಲುಸೀಮೆಯ ಆಡುಮಾತಿನಲ್ಲಿ ಕೆರೆಗೆ ದಿಕ್ಕಿದೆ. ಏರಿಯ ಒಳಮಗ್ಗುಲಿನಲ್ಲಿ ನೀರು ಹರಡಿ ನಿಲ್ಲುವ ಅಂಗಳ, ಹೊರಮಗ್ಗುಲಿನಲ್ಲಿ ತೂಬಿನಿಂದ ನೀರುಣ್ಣುವ ಅಚ್ಚುಕಟ್ಟು, ಒಂದು ಅಂಚಿನಲ್ಲಿ ಹೆಚ್ಚುವರಿ ನೀರು ಹೊರಹರಿಯುವ ಕೋಡಿ, ಮೇಲಿನಿಂದ ನೀರು ತರುವ ಕಾಲುವೆಗಳು, ಇವೆಲ್ಲ ಸೇರಿದರೆ ಕೆರೆ. ಬೇಸಿಗೆಯಲ್ಲಿ ಒಣಗಿದ ಅಂಗಳದಲ್ಲಿ ದನ ಮೇಯುತ್ತವೆ, ರೈತರು ಹೂಳನ್ನು ಹೊಲಕ್ಕೆ ಸಾಗಿಸುತ್ತಾರೆ, ಕುಂಬಾರರು ಮಣ್ಣು ತೆಗೆಯುತ್ತಾರೆ. ಆಗಲೂ ಅದು ಕೆರೆಯೇ. ಕೆರೆ ತುಂಬಿ ಕೋಡಿ ಬಿದ್ದಾಗ ಗಂಗಮ್ಮನಿಗೆ ಪೂಜೆ ಸಲ್ಲಿಸಿ ಬಾಗಿನ ಅರ್ಪಿಸುವ ಆಚರಣೆಯು ನೀರು ತಲುಪಬಹುದಾದ ಗರಿಷ್ಠ ಮಟ್ಟವನ್ನು ಸಮುದಾಯದ ಸ್ಮೃತಿಯಲ್ಲಿ ಉಳಿಸುತ್ತದೆ. ಶಾಸನಗಳಲ್ಲಿ ಕಾಣುವ ಬಿತ್ತುವಟ್ಟ, ದಶವಂದ, ಕಟ್ಟುಕೊಡಗೆಗಳೆಂಬ ದತ್ತಿಗಳು ಈ ಇಡೀ ವ್ಯವಸ್ಥೆಯ ಪಾಲನೆಗೆ ಸಂಬಂಧಿಸಿದವು. ಬೆಂಗಳೂರಿನ ಸುತ್ತಣ ಕೆರೆಗಳು ಒಂದರ ಕೋಡಿನೀರು ಮತ್ತೊಂದಕ್ಕೆ ಹರಿಯುವ ಸರಣಿಗಳಾಗಿವೆ. ಅಗರದ ನೀರು ಬೆಳ್ಳಂದೂರಿಗೂ, ಅಲ್ಲಿಂದ ವರ್ತೂರಿಗೂ, ಮುಂದೆ ದಕ್ಷಿಣ ಪಿನಾಕಿನಿಗೂ ಸೇರುತ್ತದೆ.

ಯೋಜನಾ ಶಾಸ್ತ್ರವು ಇದೇ ಕೆರೆಯನ್ನು ಅಂತರದ ಮೂಲಕ ಗುರುತಿಸುತ್ತದೆ. 2007ರಲ್ಲಿ ಅನುಮೋದನೆಗೊಂಡ ಬೆಂಗಳೂರಿನ ಪರಿಷ್ಕೃತ ಮಹಾಯೋಜನೆ-2015, ಕಂದಾಯ ದಾಖಲೆಗಳಲ್ಲಿರುವ ಕೆರೆಯ ಗಡಿಯ ಸುತ್ತ 30 ಮೀಟರ್ ಪ್ರದೇಶವನ್ನು ನಿರ್ಮಾಣರಹಿತ ಬಫರ್ ವಲಯವೆಂದು ನಿಗದಿಪಡಿಸಿತು. ರಾಜಕಾಲುವೆಗಳಿಗೆ ಅವುಗಳ ದರ್ಜೆಗನುಗುಣವಾಗಿ 50, 25 ಮತ್ತು 15 ಮೀಟರ್‌ಗಳ ಅಂತರವನ್ನು ಗೊತ್ತುಪಡಿಸಲಾಯಿತು. ಅಗರ ಮತ್ತು ಬೆಳ್ಳಂದೂರು ಕೆರೆಗಳ ನಡುವೆ ಕೈಗೊಂಡ ಎರಡು ಬೃಹತ್ ನಿರ್ಮಾಣ ಯೋಜನೆಗಳನ್ನು ಪ್ರಶ್ನಿಸಿದ ಪ್ರಕರಣದಲ್ಲಿ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣವು 2016ರ ಮೇ 4ರಂದು ಕೆರೆಗಳ ಬಫರ್ ವಲಯವನ್ನು 75 ಮೀಟರ್‌ಗೆ ವಿಸ್ತರಿಸಿತು. ಶಾಸನಬದ್ಧ ಮಹಾಯೋಜನೆಯನ್ನು ಇಂತಹ ಸಾಮಾನ್ಯ ನಿರ್ದೇಶನದಿಂದ ಬದಲಿಸುವ ಅಧಿಕಾರ ನ್ಯಾಯಾಧಿಕರಣಕ್ಕಿಲ್ಲವೆಂದು ಸರ್ವೋಚ್ಚ ನ್ಯಾಯಾಲಯ 2019ರ ಮಾರ್ಚ್ 5ರಂದು ಆ ನಿರ್ದೇಶನವನ್ನು ರದ್ದುಪಡಿಸಿತು. ಕೆರೆಯ ವಿಸ್ತೀರ್ಣಕ್ಕೆ ತಕ್ಕಂತೆ ಬಫರ್ ವಲಯವನ್ನು ನಿಗದಿಪಡಿಸುವ ತಿದ್ದುಪಡಿ ವಿಧೇಯಕವೊಂದು 2025ರ ಆಗಸ್ಟ್‌ನಲ್ಲಿ ರಾಜ್ಯ ವಿಧಾನಮಂಡಲದ ಮುಂದೆ ಬಂದಿತು.

ಈ ಎಲ್ಲ ಘಟ್ಟಗಳಲ್ಲಿಯೂ ಚರ್ಚೆ ಬಹುಮಟ್ಟಿಗೆ ಅಂತರದ ಸುತ್ತಲೇ ನಡೆದಿರುವುದು ಗಮನಾರ್ಹ. ಕೆರೆಯ ಸುತ್ತ ಎಲ್ಲೆಡೆ ಸಮಾನ ಅಂತರವನ್ನು ಅಳೆದಾಗ ಏರಿ, ಅಂಗಳ, ಕೋಡಿಗಳ ಭೇದ ಮರೆಯಾಗುತ್ತದೆ. ಏರಿಯ ಪಕ್ಕದ 30 ಮೀಟರ್ ಹಾಗೂ ಇಳಿಜಾರು ಕಡಿಮೆಯಿರುವ ಅಂಗಳದ ಪಕ್ಕದ 30 ಮೀಟರ್ ನೀರಿನ ದೃಷ್ಟಿಯಿಂದ ಒಂದೇ ಅಲ್ಲ. ಎರಡು ಕೆರೆಗಳ ನಡುವಣ ತಗ್ಗುಭೂಮಿ ಮೇಲಿನ ಕೆರೆಯ ಕೋಡಿನೀರಿನ ಹಾದಿಯೂ ಹೌದು, ಕೆಳಗಿನ ಕೆರೆಯ ಒಳಹರಿವಿನ ಬಾಯಿಯೂ ಹೌದು. ನಕ್ಷೆಯಲ್ಲಿ ಎರಡೂ ಕೆರೆಗಳ ಹೊರಗೆ ಕಾಣುವ ಭೂಮಿ ಜನಪದರ ಲೆಕ್ಕದಲ್ಲಿ ಎರಡಕ್ಕೂ ಸೇರಿದ್ದು. 2022ರ ಸೆಪ್ಟೆಂಬರ್ ಮಳೆಯಲ್ಲಿ ಬೆಳ್ಳಂದೂರು ಮತ್ತು ಹೊರವರ್ತುಲ ರಸ್ತೆಯ ಪ್ರದೇಶಗಳು ಜಲಾವೃತವಾದಾಗ ಈ ಲೆಕ್ಕವನ್ನು ಕಡೆಗಣಿಸಿದುದರ ಬೆಲೆ ಎಲ್ಲರ ಅರಿವಿಗೂ ಬಂದಿತು.

ಈ ತಿಳಿವಳಿಕೆ ಪರಿಶೀಲನೆಯ ಹಂತದಲ್ಲಿ ಏಕೆ ದಾಖಲಾಗುವುದಿಲ್ಲ ಎಂಬುದಕ್ಕೆ ಕಾರಣ ಪ್ರಕ್ರಿಯೆಯಲ್ಲಿಯೇ ಇದೆ. 2006ರ ಪರಿಸರ ಪರಿಣಾಮ ನಿರ್ಧರಣೆ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಹಾಗೂ ಅದಕ್ಕೂ ಮಿಗಿಲಾದ ನಿರ್ಮಿತ ವಿಸ್ತೀರ್ಣದ ಕಟ್ಟಡಗಳಿಗೆ ಪೂರ್ವಾನುಮತಿ ಅಗತ್ಯ. ಆದರೆ ಇದೇ ಅಧಿಸೂಚನೆ ಕಟ್ಟಡ ಮತ್ತು ಪ್ರದೇಶಾಭಿವೃದ್ಧಿ ಯೋಜನೆಗಳಿಗೆ ಸಾರ್ವಜನಿಕ ಸಮಾಲೋಚನೆಯಿಂದ ವಿನಾಯಿತಿ ನೀಡಿದೆ. 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಅಧಿನಿಯಮದ 14-ಎ ಪ್ರಕರಣದಡಿ ಭೂಬಳಕೆ ಬದಲಾವಣೆಗೆ ಆಕ್ಷೇಪಣೆಗಳನ್ನು ಆಹ್ವಾನಿಸಬೇಕು. ಈ ಆಹ್ವಾನ ಹೊರಡುವುದು ದಿನಪತ್ರಿಕೆಯ ಪ್ರಕಟಣೆಯ ಮೂಲಕ. ಕೋಡಿಯ ಮಟ್ಟವನ್ನೂ ಕಾಲುವೆಯ ಜಾಡನ್ನೂ ಬಲ್ಲ ನೀರುಗಂಟಿ ಮನೆತನಗಳಲ್ಲಿ ಅನೇಕವು ದಲಿತ ಸಮುದಾಯಕ್ಕೆ ಸೇರಿದವು. ಅಚ್ಚುಕಟ್ಟು ನಿವೇಶನಗಳಾದೊಡನೆ ಅವರ ವೃತ್ತಿ ಇಲ್ಲವಾಯಿತು. ಅವರ ಸಾಕ್ಷ್ಯವನ್ನು ಕೇಳುವ ಸ್ಥಾನವೂ ಕಚೇರಿಯಲ್ಲಿ ರೂಪುಗೊಳ್ಳಲಿಲ್ಲ.

ಜಾನಪದ ಅಧ್ಯಯನವು ಇಲ್ಲಿ ಪ್ರಾಯೋಗಿಕವಾಗಿ ನೆರವಾಗಬಲ್ಲದು. ಕೆರೆಕೋಡಿ, ಕೋಡಿಹಳ್ಳಿ, ತೂಬಿನಕೆರೆಗಳಂತಹ ಸ್ಥಳನಾಮಗಳು, ಹೊಲಗದ್ದೆಗಳ ಆಡುಹೆಸರುಗಳು, ಗಂಗಮ್ಮನ ಗುಡಿಯ ನೆಲೆ, ಹಿಂದಿನ ನೆರೆಗಳನ್ನು ಕುರಿತ ಮೌಖಿಕ ನಿರೂಪಣೆಗಳು, ಇವು ಪರಿಶೀಲನೆಗೆ ಒದಗಬಲ್ಲ ಆಧಾರಗಳು. ಹೆಸರು ಉಳಿದು ಕೋಡಿ ಜಾಗ ಬದಲಿಸಿರಬಹುದು, ನೆನಪು ಹಿಗ್ಗಿರಬಹುದು. ಆದ್ದರಿಂದ ಇಂತಹ ಮಾಹಿತಿಯನ್ನು ಗ್ರಾಮನಕ್ಷೆ ಮತ್ತು ಮಟ್ಟಮಾಪನದೊಡನೆ ಹೋಲಿಸಿ ನೋಡುವುದು ಅವಶ್ಯ. ಪ್ರಸ್ತಾವನೆಯ ಕಡತಕ್ಕೆ ಭೂನಕ್ಷೆಯೊಡನೆ ಇಂತಹ ಕ್ಷೇತ್ರಕಾರ್ಯದ ವರದಿಯೊಂದನ್ನು ಲಗತ್ತಿಸುವ ಕ್ರಮ ಬಂದರೆ, ಕೆರೆ ಯಾವುದೆಂಬ ನಿರ್ಧಾರ ಗಡಿರೇಖೆಯೊಂದನ್ನೇ ಅವಲಂಬಿಸದು. ತುಂಬಿದ ಕೆರೆಗೆ ಬಾಗಿನ ಅರ್ಪಿಸುವ ಸಂಪ್ರದಾಯ ಇಂದಿಗೂ ಜೀವಂತವಾಗಿದೆ. ಆ ನೀರು ಹೊರಟುಹೋಗುವ ದಾರಿಯನ್ನು ತೆರೆದಿಡುವುದೂ ಅದೇ ಸಂಪ್ರದಾಯದ ಭಾಗ.