ದೋಷ ಸರಿಪಡಿಸಿದ್ದಾರೆ ಸರಿ, ಅದು ನಿಮ್ಮ ಕಂಪ್ಯೂಟರ್‌ಗೆ ಬಂದಿದೆಯೇ?

ನೀವು ಬಳಸುವ ಓಪನ್ ಸೋರ್ಸ್ ತಂತ್ರಾಂಶವೊಂದರಲ್ಲಿ ಭದ್ರತಾ ದೋಷ ಪತ್ತೆಯಾಯಿತು ಎಂದುಕೊಳ್ಳಿ. ಎರಡೇ ದಿನಗಳಲ್ಲಿ ‘ಸರಿಪಡಿಸಲಾಗಿದೆ’ ಎಂಬ ಸುದ್ದಿ ಬರುತ್ತದೆ. ಗಿಟ್‌ನಲ್ಲಿ ಆ ಬದಲಾವಣೆ ಎಲ್ಲರಿಗೂ ಕಾಣುತ್ತದೆ. ಹಾಗಾದರೆ ಇನ್ನು ಭಯವಿಲ್ಲವೇ? ಹಾಗೆಂದು ನಂಬುವವರು ಬಹಳ. ಆದರೆ ಅದು ಅರ್ಧಸತ್ಯ.

ಅಂತರ ಎಲ್ಲಿದೆ?

1993ರಲ್ಲಿ ಆರಂಭವಾದ ಡೆಬಿಯನ್ ಎಂಬ ಲಿನಕ್ಸ್ ವ್ಯವಸ್ಥೆಯನ್ನೇ ನೋಡೋಣ. ಇಲ್ಲಿ ಪ್ಯಾಕೇಜ್‌ಗಳನ್ನು ನೋಡಿಕೊಳ್ಳುವವರು ಸಾಮಾನ್ಯವಾಗಿ ಗಿಟ್‌ನಲ್ಲಿ ಕೆಲಸ ಮಾಡುತ್ತಾರೆ. ನಿಮ್ಮ ಕಂಪ್ಯೂಟರ್ ಅಪ್‌ಡೇಟ್ ಪಡೆಯುವುದು ಮಾತ್ರ ಡೆಬಿಯನ್ ಭಂಡಾರದಿಂದ. ಹೊಸ ಆವೃತ್ತಿಗೆ ಡಿಜಿಟಲ್ ಸಹಿ ಹಾಕಿ ಅಪ್‌ಲೋಡ್ ಮಾಡಿದ ಮೇಲಷ್ಟೇ ಅದು ಭಂಡಾರ ಸೇರುತ್ತದೆ. ಕರಡು ತಿದ್ದಿದ ಮಾತ್ರಕ್ಕೆ ಅಂಗಡಿಯಲ್ಲಿರುವ ಪುಸ್ತಕದ ತಪ್ಪು ಹೋಗುವುದಿಲ್ಲವಲ್ಲ, ಇದೂ ಹಾಗೆಯೇ.

ಇದನ್ನು ಗಮನಿಸುವವರು ಯಾರು?

ಈ ಅಂತರದ ಮೇಲೆ ಕಣ್ಣಿಡಲು ಡೆಬಿಯನ್‌ನಲ್ಲಿ ‘ವಿಸಿಎಸ್‌ವಾಚ್’ ಎಂಬ ಸಾಧನವಿದೆ. ಪ್ಯಾಕೇಜ್‌ನ ಮಾಹಿತಿಯಲ್ಲಿ ಅದರ ಗಿಟ್ ವಿಳಾಸವಿದ್ದರೆ, ಈ ಸಾಧನ ಅಲ್ಲಿಗೆ ಹೋಗಿ ‘ಚೇಂಜ್‌ಲಾಗ್’ ಕಡತದ ಮೊದಲ ನಮೂದನ್ನು ಓದುತ್ತದೆ. ಅದನ್ನು ಭಂಡಾರದಲ್ಲಿರುವ ಆವೃತ್ತಿಯೊಂದಿಗೆ ಹೋಲಿಸಿ ಒಂದು ಸ್ಥಿತಿಯನ್ನು ತಿಳಿಸುತ್ತದೆ:

- ಅನ್‌ರೆಲ್: ಹೊಸ ನಮೂದಿದೆ, ಆದರೆ ಅದಕ್ಕೆ ‘ಬಿಡುಗಡೆಯಾಗಿಲ್ಲ’ ಎಂಬ ಗುರುತಿದೆ. ಕೆಲಸ ಇನ್ನೂ ನಡೆಯುತ್ತಿದೆ.
- ನ್ಯೂ: ನಮೂದು ಪೂರ್ಣವಾಗಿದೆ, ಆದರೆ ಆ ಆವೃತ್ತಿ ಭಂಡಾರಕ್ಕೆ ಬಂದಿಲ್ಲ.
- ಕಮಿಟ್ಸ್: ಆವೃತ್ತಿ ಸಂಖ್ಯೆ ಒಂದೇ, ಆದರೆ ಅಪ್‌ಲೋಡ್ ಆದ ಮೇಲೂ ಗಿಟ್‌ನಲ್ಲಿ ಬದಲಾವಣೆಗಳಾಗಿವೆ.
- ಓಲ್ಡ್: ಇದು ಉಲ್ಟಾ. ಭಂಡಾರ ಮುಂದಿದೆ, ಗಿಟ್ ಹಿಂದೆ ಬಿದ್ದಿದೆ.
- ಓಕೆ: ಎರಡೂ ಹೊಂದಿಕೆಯಾಗುತ್ತಿವೆ.

ಡೆಬಿಯನ್‌ನ ‘ಪ್ಯಾಕೇಜ್ ಟ್ರ್ಯಾಕರ್’ನಲ್ಲಿ ಆಯಾ ಪ್ಯಾಕೇಜ್‌ನ ಪುಟದಲ್ಲೇ ಈ ಫಲಿತಾಂಶ ಕಾಣುತ್ತದೆ. ಹೀಗಾಗಿ ಸಿದ್ಧವಾಗಿದ್ದೂ ಮರೆತುಹೋದ ತಿದ್ದುಪಡಿಗಳು ಯಾರಾದರೊಬ್ಬರ ಕಣ್ಣಿಗೆ ಬೀಳುತ್ತವೆ.

‘ಓಕೆ’ ಎಂದರೆ ಸುರಕ್ಷಿತ ಎಂದೇ?

ಅಲ್ಲ. ಈ ಸಾಧನ ಬದಲಾವಣೆ ಇದೆಯೇ ಎಂದು ನೋಡುತ್ತದೆ, ಅದು ಎಷ್ಟು ಮುಖ್ಯ ಎಂದು ತೂಗುವುದಿಲ್ಲ. ಕಾಗುಣಿತದ ತಿದ್ದುಪಡಿಯೂ ಭದ್ರತಾ ತಿದ್ದುಪಡಿಯೂ ಅದಕ್ಕೆ ಒಂದೇ. ಮೂಲ ತಂತ್ರಾಂಶದವರು ಮಾಡಿದ ತಿದ್ದುಪಡಿ ಡೆಬಿಯನ್‌ನ ಗಿಟ್‌ಗೆ ಇನ್ನೂ ಬಂದಿಲ್ಲದಿದ್ದರೆ ಅದು ಇದರ ಗಮನಕ್ಕೇ ಬರುವುದಿಲ್ಲ. ಜೊತೆಗೆ, ಹೊಸ ಆವೃತ್ತಿಗಳು ಸಾಮಾನ್ಯವಾಗಿ ಮೊದಲು ‘ಅನ್‌ಸ್ಟೇಬಲ್’ ಎಂಬ ವಿಭಾಗಕ್ಕೆ ಹೋಗುತ್ತವೆ. ‘ಸ್ಟೇಬಲ್’ ಬಳಸುವವರಿಗೆ ಭದ್ರತಾ ತಿದ್ದುಪಡಿಗಳು ಬೇರೆ ದಾರಿಯಲ್ಲಿ ಬರುತ್ತವೆ.

ನೀವೇನು ಮಾಡಬಹುದು?

ಟರ್ಮಿನಲ್‌ನಲ್ಲಿ ‘ಆಪ್ಟ್ ಪಾಲಿಸಿ’ ಆದೇಶದ ಮುಂದೆ ಪ್ಯಾಕೇಜ್ ಹೆಸರು ಕೊಡಿ. ನಿಮ್ಮಲ್ಲಿರುವ ಆವೃತ್ತಿ ಯಾವುದು, ಈಗ ಸಿಗುವುದು ಯಾವುದು ಎಂದು ತಿಳಿಯುತ್ತದೆ. ದೋಷ ಯಾವ ಆವೃತ್ತಿಯಲ್ಲಿ ಸರಿಯಾಗಿದೆ ಎಂಬುದನ್ನು ಡೆಬಿಯನ್‌ನ ‘ಸೆಕ್ಯೂರಿಟಿ ಟ್ರ್ಯಾಕರ್’ ತಿಳಿಸುತ್ತದೆ. ಎರಡನ್ನೂ ಹೋಲಿಸಿ ನೋಡಿ. ‘ಸರಿಪಡಿಸಲಾಗಿದೆ’ ಎಂಬ ಸುದ್ದಿ ಓದಿದಾಗ ‘ಎಲ್ಲಿ?’ ಎಂದು ಕೇಳುವುದನ್ನು ಮರೆಯಬೇಡಿ.