ನಾಭಿನಾಳಚ್ಛೇದನ ವಿಚಾರ

ಗರ್ಭಸ್ಥ ಶಿಶುವನ್ನು ಮಾಸಿನೊಡನೆ ಕೂಡಿಸುವ ನಾಭಿನಾಳಕ್ಕೆ ದೇಶಭಾಷೆಯಲ್ಲಿ ಹೊಕ್ಕುಳಬಳ್ಳಿಯೆಂದು ಹೆಸರು. ಕರು ಹುಟ್ಟುವಾಗ ಈ ನಾಳವು ತಾನಾಗಿಯೇ ಹರಿಯುವುದು. ಹರಿದ ಧಮನಿಗಳು ಉದರದೊಳಕ್ಕೆ ಸರಿದು ಸಂಕೋಚಗೊಳ್ಳುವುದರಿಂದ ರಕ್ತಸ್ರಾವವು ನಿಲ್ಲುವುದು. ನಾಯಿ ಬೆಕ್ಕುಗಳು ಹಲ್ಲಿನಿಂದಲೇ ಕಡಿಯುವುವು. ಮಾನವಶಿಶುವಿನ ನಾಳವಾದರೋ ಸುಮಾರು 50 ಸೆಂಟಿಮೀಟರು ಉದ್ದವುಳ್ಳದ್ದು. ಅದು ತಾನಾಗಿ ಹರಿಯುವುದು ವಿರಳ. ಆದಕಾರಣ ಕಟ್ಟಿ ಕತ್ತರಿಸುವ ವಿಧಿಯು ಏರ್ಪಟ್ಟಿತು.

ಹೊಕ್ಕುಳಿನಿಂದ ಎಂಟಂಗುಲದಲ್ಲಿ ದಾರದಿಂದ ಬಂಧಿಸಿ ಛೇದಿಸಬೇಕೆಂದು ಸುಶ್ರುತನು ವಿಧಿಸಿರುವನು, ವಾಗ್ಭಟನು ನಾಲ್ಕಂಗುಲವೆನ್ನುವನು. ಅಳತೆಯಲ್ಲಿ ಭೇದವಿದ್ದರೂ, ಬಂಧನವು ಮೊದಲು, ಛೇದನವು ಅನಂತರ ಎಂಬಲ್ಲಿ ಇಬ್ಬರದೂ ಏಕಾಭಿಪ್ರಾಯವೇ. ಚರಕನು ಹರಿತವಾದ ಶಸ್ತ್ರವನ್ನೂ ಹೇಳಿರುವನು. ಇವರ ಮತವನ್ನು ಬಿಟ್ಟು, ಶುದ್ಧಿಯಿಲ್ಲದ ಕುಡುಗೋಲಿನಿಂದ ಕೊಯ್ದು ಸಗಣಿಯನ್ನು ಲೇಪಿಸಿದರೆ ಶಿಶುವಿಗೆ ಪ್ರಾಣಾಂತಿಕವಾದ ಧನುರ್ವಾಯು ತಗಲಬಹುದು. ಕುದಿಸಿದ ಶಸ್ತ್ರ, ಶುದ್ಧವಾದ ದಾರ, ಒಣಗಿರುವ ಹೊಕ್ಕುಳು—ಇವೇ ರಕ್ಷೆ.