ಹಲ್ಲು ಹೇಳುವ ಹೆಸರು

ಹಲಕುಂದಿಯಿಂದ ಬಳ್ಳಾರಿಯನ್ನು ದಾಟಿ ಸಿರುಗುಪ್ಪದ ಹಾದಿ ಹಿಡಿದರೆ ತೆಕ್ಕಲಕೋಟೆಯ ಬೆಟ್ಟಗಳು ಎದುರಾಗುತ್ತವೆ. 1963-64ರಲ್ಲಿ ಎಂ. ಎಸ್. ನಾಗರಾಜರಾವ್ ಅವರು ಅಲ್ಲಿ ಉತ್ಖನನ ನಡೆಸಿದಾಗ ನವಶಿಲಾಯುಗದ ಜನರ ಸಮಾಧಿಗಳು ದೊರೆತವು. ಆ ಎಲುಬುಗಳಿಂದ ಸತ್ತವರ ವಯಸ್ಸನ್ನು ಊಹಿಸಬಹುದು. ಹೆಸರನ್ನು ಮಾತ್ರ ಯಾರೂ ಹೇಳಲಾರರು.

ಸಾವಿರಾರು ವರ್ಷಗಳ ಹಿಂದಿನವರ ಮಾತು ಹಾಗಿರಲಿ. 2010ರ ಮೇ 22ರಂದು ಮಂಗಳೂರಿನಲ್ಲಿ ವಿಮಾನವೊಂದು ಕಣಿವೆಗೆ ಉರುಳಿ ಹೊತ್ತಿಕೊಂಡಿತು. ಅದರಲ್ಲಿದ್ದ 166 ಜನರಲ್ಲಿ 158 ಮಂದಿ ಮಡಿದರು. ಡಿಎನ್‌ಎ ಪರೀಕ್ಷೆಯ ಅನಂತರವೂ 12 ದೇಹಗಳ ಗುರುತು ಸಿಗದೆ, ಅವನ್ನು ಹೆಸರಿಲ್ಲದೆಯೇ ಮಣ್ಣುಮಾಡಬೇಕಾಯಿತು. ಬೆಂಕಿ ಮುಖವನ್ನೂ ಬೆರಳಚ್ಚನ್ನೂ ಅಳಿಸಿದ ಮೇಲೆ ಉಳಿಯುವುದೇನು? ಬಹುಮಟ್ಟಿಗೆ ಹಲ್ಲು. ಅದರ ಹೊರಗವಚದಲ್ಲಿ ಶೇಕಡಾ 96ರಷ್ಟು ಭಾಗ ಖನಿಜ; ದೇಹದಲ್ಲಿ ಅದಕ್ಕಿಂತ ಗಟ್ಟಿಯಾದ ವಸ್ತು ಬೇರೆ ಇಲ್ಲ.

ಹಲ್ಲಿನಿಂದ ಗುರುತು ಹಿಡಿಯುವ ಬಗೆಯನ್ನು ನೋಡೋಣ. ಬೆಳೆದವರ 32 ಹಲ್ಲುಗಳಲ್ಲಿ ಒಂದೊಂದಕ್ಕೂ ಎರಡಂಕಿಯ ಹೆಸರುಂಟು. ಮೊದಲ ಅಂಕಿ ಬಾಯಿಯ ಕಾಲುಭಾಗವನ್ನೂ ಎರಡನೆಯದು ನಡುಗೆರೆಯಿಂದ ಎಣಿಸಿದ ಸ್ಥಾನವನ್ನೂ ಸೂಚಿಸುತ್ತದೆ. 36 ಎಂದರೆ ಕೆಳದವಡೆಯ ಎಡಭಾಗದ ಮೊದಲ ದವಡೆಹಲ್ಲು. ಯಾವುದು ಹುಳುಕು, ಯಾವುದಕ್ಕೆ ಸಿಮೆಂಟು ತುಂಬಿದೆ, ಯಾವುದನ್ನು ಕಿತ್ತಿದೆ ಎಂಬುದನ್ನು ಹೀಗೆ ಅಂಕಿಗಳಲ್ಲಿ ಬರೆದಿಟ್ಟರೆ ಗಣಕಯಂತ್ರವು ನೂರಾರು ದಾಖಲೆಗಳನ್ನು ಕ್ಷಣದಲ್ಲಿ ಜಾಲಾಡಿ, ಹೊಂದಬಹುದಾದ ಕೆಲವನ್ನು ಮುಂದಿಡುತ್ತದೆ.

ಹಿಂದೆ ಕ್ಷ-ಕಿರಣದ ಚಿತ್ರಕ್ಕೆ ಫಿಲ್ಮು ತೊಳೆಯಬೇಕಾಗಿತ್ತು. ಈಗ ಡಿಜಿಟಲ್ ಸಂವೇದಕವು ಕಿರಣಗಳನ್ನು ಅಂಕಿಗಳಾಗಿ ಮಾರ್ಪಡಿಸುವುದರಿಂದ ಚಿತ್ರವು ಒಡನೆಯೇ ಪರದೆಯ ಮೇಲೆ ಮೂಡುತ್ತದೆ. ದೂರದ ಊರಿಗೂ ನಿಮಿಷದೊಳಗೆ ತಲುಪುತ್ತದೆ. ಬದುಕಿದ್ದಾಗ ತೆಗೆದ ಚಿತ್ರವನ್ನೂ ಸತ್ತ ಮೇಲೆ ಅದೇ ಕೋನದಿಂದ ತೆಗೆದ ಚಿತ್ರವನ್ನೂ ಒಂದರ ಮೇಲೊಂದಿಟ್ಟು, ಬೇರಿನ ಬಾಗು, ತುಂಬಿದ ಸಿಮೆಂಟಿನ ಅಂಚು ಇವನ್ನು ಹೋಲಿಸಬಹುದು.

ಆದರೆ ಕೊನೆಯ ತೀರ್ಪು ದಂತವೈದ್ಯರದೇ. ಹಳೆಯ ಚಿತ್ರದಲ್ಲಿದ್ದ ಹಲ್ಲು ಶವದಲ್ಲಿ ಇಲ್ಲದಿದ್ದರೆ ಅದನ್ನು ಆಮೇಲೆ ಕಿತ್ತಿರಬಹುದು. ಹಿಂದೆಯೇ ಕಿತ್ತಿದ್ದ ಶಾಶ್ವತ ಹಲ್ಲು ಶವದಲ್ಲಿ ಕಂಡರೋ? ಕಿತ್ತ ಹಲ್ಲು ಮರಳಿ ಬೆಳೆಯದು. ದಾಖಲೆ ಸರಿಯಾಗಿದ್ದರೆ ಆ ದೇಹ ಬೇರೊಬ್ಬರದು.

ಯಂತ್ರವೆಷ್ಟೇ ಜಾಣವಾದರೂ ಹೋಲಿಸಲು ಎರಡು ಚಿತ್ರಗಳು ಬೇಕು. ದಂತವೈದ್ಯರನ್ನೇ ಕಾಣದ ಹಳ್ಳಿಗನ ಹಳೆಯ ಚಿತ್ರ ಎಲ್ಲಿಂದ ಬರಬೇಕು? ಆಗ ನಗುವಾಗ ಹಲ್ಲು ಕಾಣುವಂತೆ ತೆಗೆದ ಭಾವಚಿತ್ರವೂ ಕೆಲವೊಮ್ಮೆ ನೆರವಾದೀತು. ಆದುದರಿಂದ ವಿದ್ಯಾರ್ಥಿಗಳೇ, ದಂತವೈದ್ಯರು ಕೊಟ್ಟ ಚಿತ್ರವನ್ನು ಎಸೆಯದೆ ಜೋಪಾನವಾಗಿಡಿ. ಅದು ನಮ್ಮ ಬಾಯಿಯೇ ಬರೆದುಕೊಟ್ಟ ರುಜು.